ಎರಡು ಕೋಟ್ ವಾರ್ನಿಶ್

ಮಾವನ ನಡುಕ ನಿಂತುಹೋಯಿತು. ಅಷ್ಟು ಹೊತ್ತು ಗಡಗಡ ನಡುಗುತ್ತಿದ್ದ ಮನುಷ್ಯ ಒಮ್ಮೆಲೇ ಸುಮ್ಮನಾದರೆ ಚಳಿ ಬಿಟ್ಟಿತು ಅಂತಲ್ಲ, ಮೈ ಸೋತಿತು ಅಂತ.

ನಾನು ವಾಚ್ ರಿಪೇರಿಯವಳು. ಗುಡ್ಡದ ಮೇಲಿನ ಹವಾಮಾನ ಕೇಂದ್ರದ ಗಡಿಯಾರವನ್ನು ವರ್ಷಕ್ಕೊಮ್ಮೆ ಹೋಗಿ ಬಿಚ್ಚಿ ಸರಿಮಾಡುತ್ತೇನೆ. ಗಂಡ ತೀರಿಕೊಂಡ ಮೇಲೆ ನನ್ನವರು ಅಂತ ಉಳಿದದ್ದು ಮಾವ ಒಬ್ಬರೇ. ಚೀಲ ಹೊರುವ ನೆಪದಲ್ಲಿ ಪ್ರತಿ ಸಲವೂ ಜೊತೆಗೆ ಹೊರಡುತ್ತಾರೆ. ಈ ಸಲ ಹಳ್ಳ ದಾಟುವಾಗ ಕಾಲು ಜಾರಿ, ಕೊರೆಯುವ ನೀರಲ್ಲಿ ಮುಳುಗಿ ಎದ್ದರು. ಚೀಲ ತೇಲಿಹೋಯಿತು, ಜೇಬಿನ ಬೆಂಕಿಪೊಟ್ಟಣ ಮುದ್ದೆಯಾಯಿತು. ದಾರಿಯ ಪಕ್ಕದ ಖಾಲಿ ಗುಡಿಸಲಿಗೆ ಎಳೆದು ತಂದು, ಒದ್ದೆ ಬಟ್ಟೆ ಬಿಚ್ಚಿ, ನನ್ನ ಕೋಟು ಸುತ್ತಿದ್ದೆ. ಒಲೆ ಇತ್ತು, ಒಣ ಸೌದೆ ಇತ್ತು. ಹಚ್ಚಲು ಒಂದು ಕಡ್ಡಿ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ಊರು ಮೂರು ಗಂಟೆಯ ದಾರಿ.

ಉಳಿದದ್ದು ಅವರ ಸೊಂಟದ ಚಾಕು.

ಹೋದ ತಿಂಗಳು ಅಂಗಡಿಯಲ್ಲಿ ಅದಕ್ಕೆ ನಾನು ಕೈ ಹಾಕಿದ್ದೆ. ಅಲಗು, ಗರಗಸ, ಸ್ಕ್ರೂಡ್ರೈವರ್ ಎಲ್ಲ ಮಡಚಿಕೊಳ್ಳುವ ಚಾಕು. ಹಿಡಿಯ ಒಂದು ಸಂದಿಯಲ್ಲಿ ಹಲ್ಲುಕಡ್ಡಿ, ಇನ್ನೊಂದರಲ್ಲಿ ಚಿಮಟ. ಹಲ್ಲುಕಡ್ಡಿಯ ತಲೆಯನ್ನಷ್ಟೇ ಉಳಿಸಿಕೊಂಡು, ಉಜ್ಜಿದರೆ ಕಿಡಿ ಹಾರುವ ತೆಳ್ಳನೆಯ ಲೋಹದ ಕಡ್ಡಿಯನ್ನು ಅದಕ್ಕೆ ಅಂಟಿಸಿ, ಅದೇ ಸಂದಿಗೆ ಕೂರಿಸಿದೆ. ಉಜ್ಜುವುದಕ್ಕೆಂದು ಗರಗಸದ ಬೆನ್ನನ್ನು ಅರದಿಂದ ಚೂಪು ಮಾಡಿದೆ.

ಮಾವ ಕನ್ನಡಕ ಹಣೆಗೇರಿಸಿ ನೋಡಿದರು. "ಊಟ ಆದ್ಮೇಲೆ ಹಲ್ಲಿಗೆ ಬೆಂಕಿ ಹಚ್ಕೊಳ್ಳಲಾ?"

"ಒಂದಿನ ಬೇಕಾಗುತ್ತೆ, ಇಟ್ಕೊಳ್ಳಿ ಮಾವ."

"ಚಿಮಟದ ತಂಟೆಗೆ ಮಾತ್ರ ಹೋಗ್ಬೇಡ ತಾಯಿ. ಸಿಬುರು ತೆಗೆಯೋಕೆ ಬೇಕು." ನಲವತ್ತು ವರ್ಷ ಮರದ ಸಾಮಾನಿಗೆ ಪಾಲಿಶ್ ಹೊಡೆದ ಕೈ ಅವರದು.

ಈಗ ಕಡ್ಡಿ ಸಂದಿಯಿಂದ ಬರಲೊಲ್ಲದು. ನಾನು ಕೂರಿಸಿದಾಗ ಇಷ್ಟು ಬಿಗಿ ಇರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಒಣಗಿದ್ದ ನನ್ನ ಕರ್ಚೀಫನ್ನು ಅಲಗಿನಿಂದ ಹೆರೆದು, ಹತ್ತಿಯಂತಾದ ಎಳೆಗಳನ್ನು ಒಲೆಯ ಬಾಯಲ್ಲಿ ಗುಡ್ಡೆ ಮಾಡಿ, ಉಜ್ಜಿದೆ. ಕಿಡಿ ಬರಲಿಲ್ಲ. ಹತ್ತು ಸಲ ಉಜ್ಜಿದೆ. ಜಾರುತ್ತಿತ್ತೇ ಹೊರತು ಒಂದು ಕಿಡಿಯೂ ಇಲ್ಲ.

"ಮಾವ, ಕಣ್ಣು ಬಿಡಿ! ಇದಕ್ಕೇನು ಮಾಡಿದ್ರಿ?"

ತುಟಿ ನೀಲಿಗಟ್ಟಿತ್ತು. ಮಾತು ತೊದಲುತ್ತಿತ್ತು. "ತುಕ್ಕು... ಹಿಡಿಯುತ್ತೆ ಅಂತ... ವಾರ್ನಿಶ್..."

"ವಾರ್ನಿಶಾ?"

"ಎರಡು ಕೋಟ್."

ಕೋಪ ನೆತ್ತಿಗೇರಿತು, ಅದರ ಬೆನ್ನಿಗೇ ಅಳು ಬಂತು. ಎದುರಿಗೆ ಗೇಲಿ ಮಾಡಿದವರು, ನಾನಿಲ್ಲದಾಗ ಕೂತು ಅದಕ್ಕೆ ಬ್ರಷ್ ಎಳೆದಿದ್ದಾರೆ. "ನಿಮ್ಮ ಪಾಲಿಶ್‌ಗಿಷ್ಟು ಬೆಂಕಿ ಹಾಕ!" ಅಂತ ಕಿರುಚಿ ಕಡ್ಡಿಯನ್ನು ಕೆರೆಯತೊಡಗಿದೆ. ಚಳಿಗೆ ಬೆರಳು ನನ್ನ ಮಾತು ಕೇಳಲಿಲ್ಲ. ಒತ್ತಿದ್ದು ಹೆಚ್ಚಾಗಿ ಕಡ್ಡಿ ಲಟಕ್ಕನೆ ಮುರಿಯಿತು. ಒಂದು ತುಂಡು ನೆಲದ ಹಲಗೆಗಳ ನಡುವೆ ಬಿದ್ದುಹೋಯಿತು. ಇನ್ನೊಂದು ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಹಿಡಿಯಲು ಹೋದರೆ ಬೆರಳಿನಿಂದ ಜಾರುತ್ತದೆ.

ಮಾವ ಕಣ್ಣು ಮುಚ್ಚಿದ್ದರು. ಕರೆದೆ. ಓಗೊಡಲಿಲ್ಲ.

ಆಗ ಚಿಮಟ ನೆನಪಾಯಿತು. ಇದಕ್ಕಿಂತ ಸಣ್ಣ ಸ್ಕ್ರೂಗಳನ್ನು ದಿನವಿಡೀ ಹಿಡಿಯುವ ಕೈ ನನ್ನದು. ಚಿಮಟ ಸಿಕ್ಕಿದೊಡನೆ ಬೆರಳುಗಳಿಗೆ ತಮ್ಮ ಕೆಲಸ ನೆನಪಾಯಿತೋ ಏನೋ, ನಡುಗುವುದನ್ನು ಬಿಟ್ಟವು. ತುಂಡನ್ನು ಚಿಮಟದಲ್ಲಿ ಕಚ್ಚಿಸಿ ಸೌದೆಗೆ ಒತ್ತಿಹಿಡಿದು, ಉಳಿದ ವಾರ್ನಿಶ್ ಕೆರೆದು ಬಿಸಾಕಿ, ಗರಗಸದ ಬೆನ್ನಿನಿಂದ ಒಮ್ಮೆ ಎಳೆದೆ. ಕಿಡಿ ಪಕ್ಕಕ್ಕೆ ಹಾರಿತು. ಎರಡನೆಯದು ಎಳೆಗಳ ಮೇಲೆ ಬಿದ್ದು ಆರಿತು. ಮೂರನೆಯದಕ್ಕೆ ಒಂದು ಎಳೆಯ ತುದಿ ಕೆಂಪಾಯಿತು. ಮೆಲ್ಲಗೆ ಊದಿದೆ. ಹತ್ತಿಕೊಂಡಿತು.

ಮಾವನನ್ನು ಒಲೆಯ ಬಳಿಗೆ ಎಳೆದು ಬೆನ್ನಿಗೆ ಆತು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವರು ಕಲ್ಲಿನಂತೆಯೇ ಇದ್ದರು. ಆಮೇಲೆ ಒಂದು ಸದ್ದು ಕೇಳಿತು, ಟಕಟಕ, ಟಕಟಕ. ಅವರ ಹಲ್ಲು ಕಟಕಟಿಸುತ್ತಿತ್ತು. ಮೈ ಮತ್ತೆ ನಡುಗತೊಡಗಿತ್ತು. ನಿಂತೇಹೋಯಿತು ಅಂದುಕೊಂಡ ಗಡಿಯಾರ ನಡೆದಾಗ ಕಿವಿಗೊಟ್ಟು ಕೇಳುವ ಹಾಗೆ ಕೇಳಿದೆ, ಅವರ ಬೆನ್ನಿಗೆ ಮುಖವಿಟ್ಟು ಅತ್ತೆ.

"ಒಂದು ಕೋಟ್ ಸಾಕಿತ್ತು, ಅಲ್ವಾ ಮಗಳೇ?" ಅಂದರು ಮಾವ.