ವಸಂತಿ ಟೀಚರ್ ನಕ್ಕದ್ದು

ವಸಂತಿ ಟೀಚರ್ ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ಸೇವೆಯುದ್ದಕ್ಕೂ ಅವರು ಮೈದಾನದಲ್ಲಿ ನಕ್ಕದ್ದನ್ನು ಕಂಡವರಿಲ್ಲ. ಅವರ ಹುಡುಗಿಯರು ತ್ರೋಬಾಲಿನಲ್ಲಿ ಜಿಲ್ಲೆಗೇ ಮೊದಲಿಗರಾಗಿ ಕುಣಿಯುತ್ತಿದ್ದಾಗಲೂ, “ಸರಿ, ನೀರು ಕುಡಿದು ಬನ್ನಿ” ಎಂದಷ್ಟೇ ಹೇಳಿದ್ದರು. ಮನೆಯಲ್ಲಿಯೂ ಹಾಗೆಯೇ. ಗಂಡ ಸನತ್‌ಕುಮಾರರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವರಿಗೂ ಮಾತು ಕಡಿಮೆ. ಮಿಜಾರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದ ಮಗಳು ತ್ರಿಶಾ ಮಾತ್ರ ಮೂವರ ಪಾಲಿನ ಮಾತನ್ನೂ ಒಬ್ಬಳೇ ಆಡುತ್ತಿದ್ದಳು.

ಏಪ್ರಿಲ್‌ನ ಬಿಸು ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ವಸಂತಿಗೆ ಅಂಗಳವೇ ತಿರುಗಿದಂತಾಯಿತು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ, ತಲೆಯ ಹಿಂಬದಿಯಲ್ಲಿರುವ ಕಿರುಮೆದುಳಿಗೆ ಸಣ್ಣದೊಂದು ಸ್ಟ್ರೋಕ್ ಆಗಿದೆ ಎಂದು ಗೊತ್ತಾಯಿತು. ನಡೆದರೆ ಕುಡಿದವರಂತೆ ವಾಲುತ್ತಿದ್ದರು. ಲೋಟಕ್ಕೆ ಕೈ ಚಾಚಿದರೆ ಕೈ ಲೋಟವನ್ನು ದಾಟಿ ಹೋಗುತ್ತಿತ್ತು.

ಆದರೆ ಜೀವನವಿಡೀ ಬೇರೆಯವರಿಗೆ ಕವಾಯತು ಮಾಡಿಸಿದವರು ಅವರು. ತ್ರಿಶಾ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದಳು. ವಸಂತಿ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಗೆರೆ ತಪ್ಪಿದಾಗಲೆಲ್ಲ ತಾವೇ ಊದಿ, ಮತ್ತೆ ಮೊದಲಿನಿಂದ ನಡೆದರು. ಜಡಿಮಳೆಯ ಆಟಿ ತಿಂಗಳು ಬರುವಷ್ಟರಲ್ಲಿ ನಡಿಗೆ ನೆಟ್ಟಗಾಗಿತ್ತು.

ಹೊಸ ತೊಂದರೆ ಶುರುವಾದದ್ದು ಆಗ. ಒಂದು ದಿನ ಕುಕ್ಕರ್ ಕೂಗಿದ್ದಕ್ಕೆ ವಸಂತಿ ಬಿಕ್ಕಿ ಬಿಕ್ಕಿ ಅತ್ತರು. ಇನ್ನೊಂದು ದಿನ ಸನತ್‌ಕುಮಾರರ ಬೆರಳು ಬಾಗಿಲಿಗೆ ಸಿಕ್ಕಿಕೊಂಡಾಗ ಗೋಡೆ ಹಿಡಿದುಕೊಂಡು ನಕ್ಕರು. “ನಿದ್ದೆ ಕಡಿಮೆ ಆದದ್ದು” ಎಂದು ತಾವೇ ತೀರ್ಮಾನಿಸಿ ಸುಮ್ಮನಾದರು.

ಆ ದಿನಗಳಲ್ಲಿಯೇ ರಮಾನಾಥ ಶೆಟ್ಟರು ತೀರಿಕೊಂಡರು. ಮಾಣಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಅವರ ಹೆಂಡತಿ ಶಶಿಪ್ರಭಾ, ವಸಂತಿಯ ಶಾಲೆಯಲ್ಲಿಯೇ ಗಣಿತದ ಟೀಚರಾಗಿದ್ದರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ವಸಂತಿಗೆ ಶಶಿಯಕ್ಕ. ಬಂಟ್ವಾಳದ ಸಭಾಭವನದಲ್ಲಿ ಉತ್ತರಕ್ರಿಯೆ. ಊಟಕ್ಕೆ ಮೊದಲು ನುಡಿನಮನ. ಮಾಲೆ ಹಾಕಿದ ಫೋಟೋದ ಪಕ್ಕದಲ್ಲಿ ನಿಂತು ಒಬ್ಬೊಬ್ಬರಾಗಿ ಮಾತನಾಡಿದರು. ಕೊನೆಗೆ ವಸಂತಿಯ ಹೆಸರು ಕರೆದರು.

“ರಮಾನಾಥಣ್ಣ ತುಂಬಾ ಒಳ್ಳೆಯ ಮನುಷ್ಯ...” ಎಂದರು ವಸಂತಿ. ಅಷ್ಟರಲ್ಲಿ ಮೈಕು ಕೀಂಯ್ ಎಂದಿತು.

ಅಷ್ಟೇ ಸಾಕಾಯಿತು. ಹೊಟ್ಟೆಯೊಳಗಿಂದ ನಗು ಎದ್ದು ಬಂತು. ಬಾಯಿಗೆ ಸೆರಗು ಒತ್ತಿದರು. ನಗು ಮೂಗಿನಿಂದ ಹೊರಬಿತ್ತು. ಸಭಾಭವನದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ವಸಂತಿ ಟೀಚರ ನಗು ಗಹಗಹಿಸಿತು. ಬಡಿಸಲು ಬಂದವರು ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಶಶಿಪ್ರಭಾ ತಲೆ ಎತ್ತಿ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡರು.

ಆಮೇಲೆ ವಸಂತಿ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಬಸದಿಗೂ ಹೋಗಲಿಲ್ಲ. ಫೋನು ಮಾಡಿದರೆ ಶಶಿಪ್ರಭಾ ಎತ್ತಲಿಲ್ಲ. “ನನಗೆ ತಲೆ ಕೆಟ್ಟಿದೆ. ಇನ್ನು ನಾನು ಯಾರಿಗೂ ಮುಖ ತೋರಿಸುವುದಿಲ್ಲ” ಎಂದು ಕೋಣೆ ಸೇರಿದರು. ತ್ರಿಶಾ ಬಿಡಲಿಲ್ಲ. ಹಠ ಹಿಡಿದು ತಾಯಿಯನ್ನು ಮತ್ತೆ ಮಂಗಳೂರಿನ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಮೈಕಿನ ಕಥೆ ಬಂದಾಗ ತುಟಿ ಕಚ್ಚಿಕೊಂಡರು.

“ಟೀಚರ್, ನಿಮಗೆ ತಲೆ ಕೆಟ್ಟಿಲ್ಲ. ಕಿರುಮೆದುಳು ಅಂದರೆ ನಡಿಗೆ, ಸಮತೋಲನ ಅಷ್ಟೇ ಅಂತ ನಾವು ಓದಿದ್ದು. ಭಾವನೆಯಲ್ಲೂ ಅದರ ಕೈ ಉಂಟು ಅಂತ ಈಗ ತಿಳಿಯುತ್ತಾ ಬಂದಿದೆ. ನಿಮ್ಮ ಕೈ ಲೋಟ ದಾಟಿ ಹೋಗ್ತಿತ್ತಲ್ಲ? ಕೈ ಎಷ್ಟು ಚಾಚಬೇಕು ಅಂತ ತಿದ್ದುವ ಹಾಗೆಯೇ, ಎಲ್ಲಿ ಎಷ್ಟು ನಗಬೇಕು, ಎಷ್ಟು ಅಳಬೇಕು ಅಂತಲೂ ಅದು ತಿದ್ದುತ್ತದೆ. ಪೆಟ್ಟು ಬಿದ್ದಾಗ ಆ ಹದ ತಪ್ಪುವುದುಂಟು.”

ವಸಂತಿ ಕೇಳಿದರು: “ಹಾಗಾದರೆ ಆ ದಿನ ನಾನು ರಮಾನಾಥಣ್ಣನ ಸಾವಿಗೆ ನಕ್ಕದ್ದಲ್ಲವಾ?”

“ನಿಮಗೆ ಒಳಗೆ ಹೇಗೆ ಆಗ್ತಿತ್ತು?”

“ಎದೆ ಒಡೆದು ಹೋಗ್ತಿತ್ತು, ಡಾಕ್ಟ್ರೇ.”

“ನಿಜವಾದದ್ದು ಅದೇ. ಮಾತ್ರೆ ಕೊಡ್ತೇನೆ, ಕಡಿಮೆ ಆಗ್ತದೆ. ಅಲ್ಲಿವರೆಗೆ ಮುಖವನ್ನು ನಂಬಬೇಡಿ. ನಗು ಬಂದರೆ ನಿಧಾನ ಉಸಿರೆಳೆದುಕೊಳ್ಳಿ; ಒಳಗೆ ಏನುಂಟೋ ಅದನ್ನು ಎದುರಿನವರಿಗೆ ಬಾಯಿಬಿಟ್ಟು ಹೇಳಿ.”

ಒಳಗೆ ಏನುಂಟು ಎಂದು ಹೇಳುವುದು ವಸಂತಿಗೆ ಜನ್ಮದಲ್ಲಿ ಅಭ್ಯಾಸವಿರಲಿಲ್ಲ. ಆದರೆ ಹೇಳಿಕೊಟ್ಟ ಕವಾಯತನ್ನು ತಪ್ಪಿಸುವ ಜಾತಿಯೂ ಅವರದಲ್ಲ. ಮರುದಿನದಿಂದಲೇ ಶುರು ಹಚ್ಚಿಕೊಂಡರು.

“ಇಲ್ಲಿ ನೋಡಿ, ನಾನು ಅಳ್ತಾ ಇದ್ದೇನೆ. ಆದರೆ ನನಗೆ ಏನೂ ಬೇಜಾರಿಲ್ಲ” ಎಂದರು ತಿಂಡಿ ತಿನ್ನುವಾಗ ಗಂಡನಿಗೆ.

“ಆಯ್ತು” ಎಂದರು ಸನತ್‌ಕುಮಾರ್.

“ಈ ಚಹಾ ಚೆನ್ನಾಗಿಲ್ಲ. ಆದರೆ ನೀವು ಎದ್ದು ಮಾಡಿದಿರಲ್ಲ, ನನಗೆ ತುಂಬಾ ಖುಷಿ ಆಯ್ತು.”

ಸನತ್‌ಕುಮಾರ್ ಕಿವಿಯ ತನಕ ಕೆಂಪಾಗಿ, ಅಂಗಡಿಯ ಬೀಗದ ಕೈಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯಿಡೀ ಹುಡುಕಿದರು. ತ್ರಿಶಾಳಿಗೆ ಊಟದ ಹೊತ್ತಿನವರೆಗೂ ನಗು ನಿಲ್ಲಲಿಲ್ಲ. ಅವಳಿಗೆ ಸ್ಟ್ರೋಕ್ ಆಗಿರಲಿಲ್ಲ.

ಆ ಭಾನುವಾರ ವಸಂತಿ, “ವಾಮದಪದವಿಗೆ ಹೋಗುವ” ಎಂದರು. ಶಶಿಪ್ರಭಾ ಅವರ ಮನೆ ಅಲ್ಲಿ. ಸನತ್‌ಕುಮಾರ್ ಮರುಮಾತಿಲ್ಲದೆ ಕಾರು ತೆಗೆದರು.

ಶಶಿಪ್ರಭಾ ಬಾಗಿಲಲ್ಲೇ ನಿಂತು, “ಬನ್ನಿ” ಎಂದರು. ಬೆಲ್ಲ, ನೀರು ತಂದಿಟ್ಟರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಗುರುತಿಲ್ಲದವರು ವಿಳಾಸ ಕೇಳಲು ಬಂದಾಗ ಇರುವ ಮುಖ.

ವಸಂತಿ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತು ಶುರುಮಾಡಬೇಕು ಎನ್ನುವಾಗ ನಗು ಬಂದೇಬಿಟ್ಟಿತು. ಶಶಿಪ್ರಭಾ ಎದ್ದು ನಿಂತರು. ಸನತ್‌ಕುಮಾರ್ ವಿವರಿಸಲು ಬಾಯಿ ತೆರೆದರು. ವಸಂತಿ ಪಂದ್ಯ ನಿಲ್ಲಿಸುವವರಂತೆ ಕೈ ಎತ್ತಿ ಅವರನ್ನು ತಡೆದರು.

“ಶಶಿಯಕ್ಕ, ಕೂತ್ಕೊಳ್ಳಿ. ಈ ನಗು... ಅಯ್ಯೋ... ಈ ನಗು ನನ್ನದಲ್ಲ. ಸ್ಟ್ರೋಕಿನಿಂದ ಬಂದದ್ದು. ನನಗೆ ಒಳಗೆ ನಗು ಇಲ್ಲ. ನಾನು ಆಸ್ಪತ್ರೆಯಲ್ಲಿ ಇದ್ದಾಗ ರಮಾನಾಥಣ್ಣ ಬಸ್ಸಿನಲ್ಲಿ ಬನ್ಸ್ ಕಟ್ಟಿಕೊಂಡು ಬಂದಿದ್ದರು. ‘ಟೀಚರ್, ಬೇಗ ಏಳಿ, ನಿಮ್ಮ ಬೈಗುಳ ಕೇಳದೆ ಊರಿನ ಮಕ್ಕಳೆಲ್ಲ ಹಾಳಾದರು’ ಅಂದಿದ್ದರು. ನನಗೆ ಅಣ್ಣ ಇಲ್ಲ. ಇದ್ದರೆ ಹೀಗೆ ಇರ್ತಿದ್ದ ಅಂತ ಆ ದಿನ ಅನ್ನಿಸಿತ್ತು. ಅದನ್ನು ಹೇಳ್ಲಿಕ್ಕೆ ಅಂತ ಮೈಕಿನ ಮುಂದೆ ಬಂದದ್ದು ನಾನು.”

ಪ್ರತಿ ಮಾತಿನ ನಡುವೆಯೂ ನಗು ನುಗ್ಗುತ್ತಿತ್ತು. ವಸಂತಿ ಉಸಿರೆಳೆದುಕೊಂಡು, ನಿಲ್ಲಿಸಿದ ಕಡೆಯಿಂದಲೇ ಮತ್ತೆ ಹಿಡಿದು, ಪೂರ್ತಿ ಹೇಳಿ ಮುಗಿಸಿದರು. ಶಶಿಪ್ರಭಾ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇಷ್ಟು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಕೂತೆವು ಮಾರಾಯ್ತಿ. ಒಟ್ಟಿಗೆ ಇಷ್ಟು ಮಾತು ನಿನ್ನ ಬಾಯಿಂದ ನಾನು ಕೇಳಿದ್ದಿಲ್ಲ” ಎಂದರು. ಕನ್ನಡಕ ಹಾಕಿಕೊಂಡು ಮುಂದುವರಿಸಿದರು: “ಅವರು ಹೋದ ಮೇಲೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ದಿನ ನಿನ್ನ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಆ ಸಿಟ್ಟಿನಲ್ಲೇ ಎಲೆ ತುಂಬ ಊಟ ಮಾಡಿದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.”

ಇದನ್ನು ಕೇಳಿದ್ದೇ ತಡ, ವಸಂತಿಯ ಕಣ್ಣಿನಿಂದ ದಳದಳ ನೀರು ಇಳಿಯಿತು.

ಶಶಿಪ್ರಭಾ ಬಗ್ಗಿ ನೋಡಿದರು. “ಇದು ನಿಜವಾದ ಅಳುವಾ, ಅಥವಾ ಆ ಇನ್ನೊಂದಾ?”

“ಇನ್ನೊಂದು! ಒಳಗೆ ನನಗೆ ನಗು ತಡೀಲಿಕ್ಕೆ ಆಗ್ತಾ ಇಲ್ಲ, ಶಶಿಯಕ್ಕ!”

ಶಶಿಪ್ರಭಾ ಮೊದಲು ಕೆಮ್ಮಿದಂತೆ ಮಾಡಿದರು. ಆಮೇಲೆ ಸೋಫಾಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ನಗುತ್ತ, ಒಬ್ಬರು ಅಳುತ್ತ ಕೈ ಕೈ ಹಿಡಿದುಕೊಂಡು ಕೂತ ಇಬ್ಬರನ್ನೂ ನೋಡುತ್ತ ಸನತ್‌ಕುಮಾರ್ ತಟ್ಟೆಯ ಬೆಲ್ಲವನ್ನೆಲ್ಲ ತಿಂದು ಮುಗಿಸಿದರು.

ಊಟ ಮಾಡದೆ ಹೋಗಲು ಶಶಿಪ್ರಭಾ ಬಿಡಲಿಲ್ಲ. ಜೈನರಾದ ಅವರಿಗಾಗಿ ನೀರುಳ್ಳಿ ಹಾಕದ ಸಾರು, ತೊಂಡೆಕಾಯಿ ಪಲ್ಯ ಮಾಡಿ ಬಡಿಸಿದರು. ಹೊರಡುವಾಗ, “ಬರುವ ಭಾನುವಾರ ನಾನೇ ಬರ್ತೇನೆ, ಬಸದಿಗೆ ಒಟ್ಟಿಗೆ ಹೋಗುವ. ನಿನಗೆ ಎಲ್ಲಿಯಾದರೂ ನಗು ಬಂದರೆ ನಾನೂ ನಗ್ತೇನೆ. ಇಬ್ಬರಾದರೆ ಯಾರಿಗೂ ಸಂಶಯ ಬರುವುದಿಲ್ಲ” ಎಂದರು.

ಹಿಂದಿರುಗುವಾಗ ಸಿದ್ಧಕಟ್ಟೆ ದಾಟಿದ ಮೇಲೆ ಸನತ್‌ಕುಮಾರ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಸ್ಟಿಯರಿಂಗನ್ನೇ ನೋಡುತ್ತ ಗಂಟಲು ಸರಿಮಾಡಿಕೊಂಡರು.

“ನನಗೂ ಒಂದು ಹೇಳ್ಲಿಕ್ಕುಂಟು. ನೀನು ಆಸ್ಪತ್ರೆಯಲ್ಲಿ ಇದ್ದಾಗ ನನಗೆ ತುಂಬಾ ಹೆದರಿಕೆ ಆಗಿತ್ತು.”

ಅವರ ಮುಖ ಅಂಗಡಿಯಲ್ಲಿ ಕೂತಾಗ ಇರುವಂತೆಯೇ ಇತ್ತು. ವಸಂತಿ ಆ ಮುಖವನ್ನು ದಿಟ್ಟಿಸಿ ನೋಡಿದರು. ಅವರಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

“ಎಷ್ಟು?” ಎಂದು ಕೇಳಿದರು.

“ತುಂಬಾ ಅಂದೆನಲ್ಲ.”

“ಇನ್ನೊಮ್ಮೆ ಹೇಳಿ.”

ಸನತ್‌ಕುಮಾರ್ ಇನ್ನೊಮ್ಮೆ ಹೇಳಿದರು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆಯಿತು. ಅವರು ಗಾಬರಿಯಿಂದ ಗೇರ್ ಹಾಕಿ, ಮೂಡುಬಿದಿರೆಯ ಕಡೆಗೆ ಕಾರು ಬಿಟ್ಟರು.