ಮಾನಪ್ಪ ಹೇಳಿದ ಕುರಿ ಲೆಕ್ಕ

ಹುಚ್ಚಿನ ಸೋಗು ಹಾಕುವವರನ್ನು ಹದಿನೆಂಟು ವರ್ಷದಿಂದ ನೋಡಿ ನೋಡಿ ನನ್ನ ಕಣ್ಣು ಪಳಗಿದೆ. ಒಬ್ಬ ಸಾಬೂನು ತಿಂದ. ಇನ್ನೊಬ್ಬ ಮೂರು ದಿನ ನಾಯಿಯಂತೆ ಬೊಗಳಿ, ನಾಲ್ಕನೇ ದಿನ ಮಟನ್ ಸಾರಿನ ವಾಸನೆಗೆ ಮನುಷ್ಯನಾದ. ಎಲ್ಲರಿಗೂ ಬೇಕಾದದ್ದು ಒಂದೇ, ಜೈಲು ಬಿಟ್ಟು ಆಸ್ಪತ್ರೆಯ ಮಂಚ. ಜೈಲು ಸಿಪಾಯಿ ಭಗವಂತರಾಯನ ಮುಂದೆ ಈ ಆಟ ನಡೆಯುವುದಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ವನದುರ್ಗದ ಕಡೆಯ ಕುರಿಗಾರ ಮಾನಪ್ಪನ ಮೇಲೂ ಮೊದಲ ದಿನದಿಂದಲೇ ಅನುಮಾನ. ಕಾಲುವೆಗೆ ನೀರು ಬಂದ ಮೇಲೆ ಅವನು ಕುರಿ ಮೇಯಿಸುತ್ತಿದ್ದ ಜಾಗವೆಲ್ಲ ಭತ್ತದ ಗದ್ದೆಯಾಗಿತ್ತು. ಕುರಿ ಗದ್ದೆಗೆ ನುಗ್ಗಿ ಜಗಳವಾಗಿ, ಇವನು ಗದ್ದೆಯವನ ತಲೆಗೆ ಬಡಿಗೆಯಿಂದ ಹೊಡೆದಿದ್ದ. ಆ ಮನುಷ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಜೈಲಿಗೆ ಬಂದ ಮಾನಪ್ಪ ಮಾತು ಬಿಟ್ಟ, ರೊಟ್ಟಿ ಬಿಟ್ಟ, ಗೋಡೆ ನೋಡುತ್ತ ಕೂತ. ನನಗೆ ಒಳಗೊಳಗೇ ನಗು. ಎಷ್ಟು ದಿನ ಕೂರುತ್ತೀ ನೋಡೋಣ ಅಂದುಕೊಂಡೆ.

ಮನೋರೋಗದ ಡಾಕ್ಟರು ಬರುವ ತನಕ ರಾತ್ರಿ ಗಂಟೆಗೊಮ್ಮೆ ಅವನನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕೆಂದು ಜೈಲರ್ ಸಾಹೇಬರು ನನಗೆ ಹೇಳಿದ್ದರು. ನಾಟಕದವನನ್ನು ಗಂಟೆಗೊಮ್ಮೆ ಎದ್ದು ಯಾರು ನೋಡುತ್ತಾರೆ? ಒಂಬತ್ತು ರಾತ್ರಿ ಕುರ್ಚಿ ಬಿಟ್ಟು ಏಳದೆ 'ಚೆನ್ನಾಗಿ ನಿದ್ರಿಸಿದ' ಎಂದು ಬರೆದೆ.

ಹತ್ತನೇ ದಿನ ಡಾಕ್ಟರ್ ರಾಬಿಯಾ ಯಾದಗಿರಿಯಿಂದ ಬಂದರು. ಅಂದು ಅವರು ನೋಡಬೇಕಾದ ಕೈದಿಗಳು ಹದಿನಾರು ಜನ. ಮೊದಲು ನನ್ನ ರಿಜಿಸ್ಟರ್ ಓದಿದರು. ಆಮೇಲೆ ಮಾನಪ್ಪನನ್ನು ಮುಂದೆ ಕೂರಿಸಿಕೊಂಡು ಊರು ಯಾವುದು, ವಾರ ಯಾವುದು, ಹೆಂಡತಿಯ ಹೆಸರೇನು ಎಂದು ಕೇಳಿದರು. ಅಷ್ಟು ದಿನ ಮೂಕನಂತಿದ್ದವನು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ.

"ಕುರಿ ಎಷ್ಟು ಅದಾವಪ್ಪ?"

"ಎಂಬತ್ತಾರು ಅದಾವ್ರಿ. ಮರಿ ಹನ್ನೊಂದು."

"ನೆನಪು, ಲೆಕ್ಕ, ನಿದ್ದಿ ಎಲ್ಲಾ ಬರೋಬರಿ ಅದ," ಎಂದು ಡಾಕ್ಟರು ಪೆನ್ನು ತೆಗೆದು ಬರೆಯತೊಡಗಿದರು.

ಜೈಲರ್ ಸಾಹೇಬರು ನನ್ನತ್ತ ನೋಡಿ ನಕ್ಕರು. "ನೀ ಅಂದಿದ್ದೇ ಖರೇ ಆತಲ್ಲೋ ಭಗವಂತ್ರಾಯ."

ನಾನು ಹಿಗ್ಗಬೇಕಿತ್ತು. ಆದರೆ ಆ ಕುರಿ ಲೆಕ್ಕ ಕಿವಿಯಲ್ಲೇ ಉಳಿಯಿತು. ನಾನೂ ಕೊಂಕಲ್ ಊರಿನ ಕುರಿಗಾರರ ಮನೆಯಲ್ಲಿ ಹುಟ್ಟಿದವನು. ನಮ್ಮಪ್ಪ ಸಾಯುವ ತನಕ ಹೊರಗಿನವರಿಗೆ ಕುರಿಯ ಲೆಕ್ಕ ಬಾಯಿಬಿಟ್ಟವನಲ್ಲ. ಗಣತಿಯವರು ಬಂದಾಗಲೂ "ಅದಾವ್ರಿ ನಾಕಾರು" ಎಂದು ಸಾಗಹಾಕಿದ್ದ. ಲೆಕ್ಕ ಹೇಳಿದರೆ ಕಣ್ಣು ಬಿದ್ದು ಹಿಂಡು ಕರಗುತ್ತದೆ ಎಂಬ ಭಯ ನಮ್ಮವರ ರಕ್ತದಲ್ಲೇ ಇದೆ. ಮರಿಗಳ ಸಮೇತ ಲೆಕ್ಕ ಒಪ್ಪಿಸಿದ ಈ ಮನುಷ್ಯ ಕುರಿಗಳ ಆಸೆ ಬಿಟ್ಟಿದ್ದಾನೆ. ಕುರಿಯ ಆಸೆಯನ್ನೇ ಬಿಟ್ಟವನು ಇನ್ನು ಯಾವುದನ್ನು ಹಿಡಿದುಕೊಂಡಿದ್ದಾನು? ಸೋಗಿನವನು ಹುಚ್ಚನಂತೆ ಕಾಣಲು ಹೆಣಗುತ್ತಾನೆ. ಇವನು ನೆಟ್ಟಗಿರುವವನಂತೆ ಕಂಡು ಬೇಗ ಜೀವ ಮುಗಿಸಿಕೊಳ್ಳಲು ನೋಡುತ್ತಿದ್ದ.

"ಮೇಡಂ, ಬರೀಬ್ಯಾಡ್ರಿ," ಅಂದೆ. ಕಾರಣವನ್ನೂ ಹೇಳಿದೆ.

"ಅದು ನಿಮ್ಮವರ ನಂಬಿಕಿ. ಚಂದಾಗಿ ಮಲಗ್ಯಾನ ಅಂತ ನೀವೇ ಬರದೀರಲ್ಲ?"

"ಸುಳ್ಳು ಬರದೀನ್ರಿ. ಒಂದು ರಾತ್ರೀನೂ ಹೋಗಿ ನೋಡಿಲ್ರಿ."

ಜೈಲರ್ ಸಾಹೇಬರ ಮುಖ ಕಪ್ಪಿಟ್ಟಿತು. ಡಾಕ್ಟರು ಮಾತ್ರ ನನ್ನನ್ನೇ ನೋಡಿದರು. ಕೈದಿಗಳನ್ನು ನಾನು ನೋಡುತ್ತಿದ್ದುದೂ ಹೀಗೆಯೇ.

"ಇವನನ್ನ ಆಸ್ಪತ್ರಿಗೆ ಹಾಕ್ರಿ ಅಂತ ಇವನ ಮಂದಿ ನಿಮ್ಮನ್ನ ಹಿಡಕೊಂಡಾರೇನು? ಬರದದ್ದೊಂದು, ಹೇಳೋದೊಂದು. ನಾ ಯಾವುದು ನಂಬಲಿ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನನ್ನ ನಂಬಬ್ಯಾಡ್ರಿ ಮೇಡಂ. ಅವನನ್ನೇ ಕೇಳ್ರಿ."

ಡಾಕ್ಟರು ರಿಜಿಸ್ಟರ್ ಮುಚ್ಚಿ ಪಕ್ಕಕ್ಕೆ ಸರಿಸಿದರು. ಆಮೇಲೆ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು.

"ಮಾನಪ್ಪ, ಸಾಯಬೇಕು ಅನ್ನಿಸ್ತದೇನು?"

"ಹೌದ್ರಿ," ಅಂದ. ದನಿ ಏರಲಿಲ್ಲ, ನಡುಗಲಿಲ್ಲ.

ಡಾಕ್ಟರು ಬರೆದಿದ್ದ ಹಾಳೆಯನ್ನು ಹರಿದು, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು, ಒಂದು ಗಳಿಗೆಯೂ ಒಬ್ಬನನ್ನೇ ಬಿಡಬಾರದು ಎಂದು ಬೇರೆ ಹಾಳೆಯಲ್ಲಿ ಬರೆದು ಜೈಲರ್ ಸಾಹೇಬರ ಕೈಗೆ ಕೊಟ್ಟರು. ಮತ್ತೆ ಅವನತ್ತ ತಿರುಗಿ ಮೆಲ್ಲಗೆ ಕೇಳಿದರು. "ಇಷ್ಟು ದಿನ ಯಾರಿಗೂ ಯಾಕ ಹೇಳಲಿಲ್ಲಪ್ಪ?"

ಮಾನಪ್ಪ ಮೊದಲ ಸಲ ನನ್ನ ಮುಖ ನೋಡಿದ.

"ದಿನಾ ರಾತ್ರಿ ಎಚ್ಚರ ಕುಂತಿದ್ದೆರಿ. ಪಹರೇದವ್ರು ಬಂದ್ರ ಹೇಳೋಣಂತ. ಯಾರೂ ಬರಲಿಲ್ರಿ."