ಅರ್ಧ ಚಮಚ ಗೊಬ್ಬರ

ಬಿರಿದಿತ್ತು! ಒಂದಲ್ಲ, ಎರಡಲ್ಲ, ಏಳು ಸೀಳು. ಸುಬ್ಬಕೃಷ್ಣ ಸ್ಟೂಲಿನ ಮೇಲೆ ನಿಂತು, ಸುರುಳಿ ಬಿಚ್ಚುತ್ತಿದ್ದ ಎಲೆಗೆ ತನ್ನ ಉಸಿರು ತಾಗದಂತೆ ಮತ್ತೊಮ್ಮೆ ಎಣಿಸಿದ. ಏಳೇ. ಉಟ್ಟ ಪಂಚೆ ಸಡಿಲವಾಗಿದ್ದು ಆ ಮಹಾನುಭಾವನಿಗೆ ತಿಳಿಯಲೇ ಇಲ್ಲ.

"ಮಹಾಲಕ್ಷ್ಮೀ, ಬಾ ಇಲ್ಲಿ!"

"ಎಂತ?" ಅಡುಗೆಮನೆಯಿಂದ ಹೆಂಡತಿಯ ದನಿ.

"ಎಲೆ ಸೀಳಿದೆ!"

ಒಗ್ಗರಣೆ ಚಟಗುಟ್ಟಿತು. ಆಮೇಲೆ, "ಹರಿದು ಹೋಯ್ತಾ?"

ಇವಳಿಗೆ ಏನು ಹೇಳುವುದು! ಸುಬ್ಬಕೃಷ್ಣ ಸ್ಟೂಲಿನಿಂದ ಇಳಿದ. ಇವಳಿಗೆ ಅದು ಕೆಸು, ತೂತಿನ ಕೆಸು, ಅಷ್ಟೇ. ಅದು ಮಾನ್‌ಸ್ಟೆರಾ. ಎಳೆಯ ಗಿಡಕ್ಕೆ ಇಡೀ ಎಲೆ ಬರುತ್ತದೆ; ಗಿಡ ಬಲಿತು ತೃಪ್ತಿಯಾದಾಗ ಮಾತ್ರ ಎಲೆ ತಾನಾಗಿ ಸೀಳುತ್ತದೆ. ಸಾಗರದ ಈ ಬಾಡಿಗೆ ಮನೆಯ ಕತ್ತಲು ಜಗಲಿಯಲ್ಲಿ, ಕುಂಡದಲ್ಲಿ, ಅದು ಜನ್ಮದಲ್ಲಿ ಸೀಳುವುದಿಲ್ಲವೆಂದು ಎಲ್ಲರೂ ನಕ್ಕಿದ್ದರು. ಸಸ್ಯಶಾಸ್ತ್ರದ ಲೆಕ್ಚರರ್ ಸುಬ್ಬಕೃಷ್ಣ ಹಟ ಹಿಡಿದ. ಹದಿನೈದು ದಿನಕ್ಕೊಮ್ಮೆ ಒಂದು ಸೇರು ನೀರಿಗೆ ಅರ್ಧ ಚಮಚ ಅಮೋನಿಯಂ ಸಲ್ಫೇಟ್. ನೋಟ್‌ಬುಕ್ಕಿನಲ್ಲಿ ತಾರೀಖು, ಪ್ರಮಾಣ, ಎಲೆಯ ಅಗಲ. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಇವತ್ತು ಸಂಜೆ ಬೆಂಗಳೂರಿನ ಗಣೇಶಮೂರ್ತಿಗಳು ಬರುವವರಿದ್ದರು. ವಿಜ್ಞಾನ ಸಮ್ಮೇಳನಕ್ಕೆ ಪ್ರಬಂಧ ಆರಿಸುವವರು ಅವರೇ. ಹತ್ತು ವರ್ಷದಿಂದ ಅದೇ ಹಳದಿಯಾದ ಟಿಪ್ಪಣಿಗಳನ್ನು ಅದೇ ದನಿಯಲ್ಲಿ ಓದಿ ಹೇಳುತ್ತಿದ್ದವನಿಗೆ, ತಾನೇ ಕಂಡುಹಿಡಿದದ್ದೆಂದು ಹೇಳಿಕೊಳ್ಳಲು ಇದೊಂದೇ ಇತ್ತು. ಇದು ಆಯ್ಕೆಯಾದರೆ ತಾನೂ ಒಬ್ಬ ಮನುಷ್ಯ. ಇಲ್ಲದಿದ್ದರೆ ಮತ್ತೆ ಟಿಪ್ಪಣಿ.

ಕಾಲೇಜಿನಲ್ಲಿ ಕುರ್ಚಿ ಮುಳ್ಳಾಯಿತು. ಕನ್ನಡದ ಮಂಜುನಾಥಪ್ಪನವರನ್ನು ಹಿಡಿದು ಹೇಳಿಯೇ ಬಿಟ್ಟ: "ಎಲೆ ಸೀಳ್ತು ರೀ!"

"ನಮ್ಮನೆ ಬಾಳೆ ಎಲೆ ದಿನಾ ಸೀಳ್ತದೆ ಮಾರಾಯ್ರೇ," ಎಂದರು ಅವರು, ನಶ್ಯ ಏರಿಸುತ್ತಾ.

ಸಿಟ್ಟು ಬರಲಿಲ್ಲ. ಇಂಥವರ ಮೇಲೆ ಇವತ್ತು ಸಿಟ್ಟು ಮಾಡುವುದೆ! ಮಧ್ಯಾಹ್ನದ ಪಾಠಕ್ಕೆ ಚಕ್ಕರ್ ಹೊಡೆದು, ಲ್ಯಾಬಿನ ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಮನೆಯ ಕಡೆ ಓಡುನಡಿಗೆಯಲ್ಲಿ ಹೊರಟ.

ಬಾಗಿಲು ತೆರೆದೇ ಇತ್ತು. ಮಹಾಲಕ್ಷ್ಮೀ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳ ಬಲಗೈ ಬಳೆಯವರೆಗೆ ಮಣ್ಣಿನೊಳಗಿತ್ತು.

"ಏನ್ ಮಾಡ್ತಿದೀಯ?"

"ಏನಿಲ್ಲ."

"ಕೈಲಿ ಏನದು?"

"ಗೋಗ್ರಾಸ."

ತೀರ್ಥಹಳ್ಳಿಯ ಅವಳ ತವರಿನಲ್ಲಿ ಅಡುಗೆಯಾದ ಮೇಲೆ ಮೊದಲ ಹಿಡಿ ಅನ್ನ, ಬೆಲ್ಲ ಸೇರಿಸಿ, ಕೊಟ್ಟಿಗೆಗೆ ಹೋಗುತ್ತಿತ್ತು. ದನದ ಬಾಯಿಗೆ ಅದು ಬೀಳದೆ ಹೆಂಗಸರು ಊಟದ ಎಲೆಯ ಮುಂದೆ ಕೂರುತ್ತಿರಲಿಲ್ಲ. ಈ ಮನೆಯಲ್ಲಿ ಕೊಟ್ಟಿಗೆಯೂ ಇಲ್ಲ, ದನವೂ ಇಲ್ಲ.

"ಎಷ್ಟು ದಿನದಿಂದ?"

"ಗಿಡ ಬಂದಾಗಿಂದ."

"ದಿನಾ?"

"ಮತ್ತೆ? ದಿನಾ ಊಟ ಮಾಡ್ತೀನಲ್ಲ."

"ಇನ್ನೇನೇನು ಹಾಕ್ತೀಯ?"

"ಅಕ್ಕಿ ತೊಳೆದ ನೀರು. ಚೆಲ್ಲಕ್ಕೆ ಮನಸ್ಸು ಬರಲ್ಲ."

ಸುಬ್ಬಕೃಷ್ಣ ಅಳತೆಪಟ್ಟಿಯನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟ. "ಯಾವುದಾದ್ರೂ ಬೀದಿ ದನಕ್ಕೆ ಕೊಡಬಾರದಿತ್ತಾ?"

"ಲೆಕ್ಚರರ್ ಹೆಂಡ್ತಿ ದನದ ಹಿಂದೆ ಬೀದಿಗೆ ಹೋಗ್ಬಾರ್ದು ಅಂದಿದ್ರಲ್ಲ, ಬಂದ ಹೊಸತರಲ್ಲಿ."

ಅಂದಿದ್ದನೇ? ನೆನಪಿಲ್ಲ. "ಹೇಳಬಹುದಿತ್ತು ನಂಗೆ."

"ನೀವು ಕೇಳ್ಲಿಲ್ಲ."

ಅವನು ಗೊಬ್ಬರದ ಚಮಚದಿಂದ ಮಣ್ಣು ಕೆದಕಿದ. ಮೇಲೆ ಕೆಮ್ಮಣ್ಣು; ಕೆಳಗೆ ಕಪ್ಪಗೆ, ಮೆತ್ತಗೆ, ಎರೆಹುಳು ತುಂಬಿದ ಮಣ್ಣು. ಎರಡು ವರ್ಷ ಎಲೆಯನ್ನು ಅಳೆದವನು ಒಂದು ದಿನ ಬೆರಳು ಅದ್ದಿ ನೋಡಿರಲಿಲ್ಲ. ನೋಟ್‌ಬುಕ್ಕಿನ ಒಂದೊಂದು ಸಾಲೂ ಸುಳ್ಳು. ಅವನಿಗೆ ಒಮ್ಮೆಲೇ ನಗು ಬಂತು. ನೋಡೇ, ಇಬ್ಬರೂ ಸೇರಿ ಬೆಳೆಸಿದ್ದೀವಿ ಕಣೇ ಎಂದು ಅವಳ ಮಣ್ಣಿನ ಕೈ ಹಿಡಿಯಬೇಕೆನ್ನಿಸಿತು. ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಗಡಿಯಾರ ಎರಡು ಹೊಡೆಯಿತು.

"ಇವತ್ತು ಹಾಕ್ಬೇಡ," ಎಂದ. "ಅವರು ಮಣ್ಣು ನೋಡಿದ್ರೆ ಕಷ್ಟ."

ಅವನು ಹೆಕ್ಕಿ ತೆಗೆದ ಅನ್ನವನ್ನು ಅವಳು ಬಾಳೆಲೆಯ ಚೂರಿನಲ್ಲಿ ವಾಪಸು ತೆಗೆದುಕೊಂಡಳು. ಒಳಗೆ ಒಯ್ದು ಮುಚ್ಚಿಟ್ಟಳು.

ಗಣೇಶಮೂರ್ತಿಗಳು ಆನಂದಪುರದ ದಾರಿಯ ಧೂಳನ್ನೆಲ್ಲ ಕೋಟಿನ ಮೇಲೆ ಹೊತ್ತು ಐದು ಗಂಟೆಗೆ ಬಂದರು. ಎಲೆ ಪೂರ್ತಿ ಬಿಚ್ಚಿಕೊಂಡು, ಅಂಗೈ ಅಗಲಿಸಿದಂತೆ ನಿಂತಿತ್ತು. ಕನ್ನಡಕ ಹಣೆಗೇರಿಸಿ ಅಳೆದರು. ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಭೇಷ್! ಇಂಥ ಕತ್ತಲಲ್ಲಿ! ಭೇಷ್ ಕಣ್ರೀ!"

"ಇದೊಂದೇ ತಾನೆ? ಬೇರೆ ಏನಾದ್ರೂ ಹಾಕಿದ್ರಾ?"

ಮಹಾಲಕ್ಷ್ಮೀ ಕಾಫಿ ಹಿಡಿದು ಒಳಬಾಗಿಲಿಗೆ ಬಂದಿದ್ದಳು. ಅವನ ಮುಖವನ್ನೇ ನೋಡಿದಳು.

"ಬೇರೆ ಏನೂ ಇಲ್ಲ ಸಾರ್. ಅರ್ಧ ಚಮಚ, ಅಷ್ಟೇ."

ಅವಳು ಲೋಟಗಳನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಒಳಗೆ ಹೋದಳು.

"ಡಿಸೆಂಬರಿಗೆ ಬೆಂಗಳೂರಿಗೆ ಬಂದುಬಿಡಿ. ನೀವೇ ಓದ್ಬೇಕು," ಎಂದರು ಗಣೇಶಮೂರ್ತಿಗಳು.

ಅವರನ್ನು ಬಸ್ಸು ಹತ್ತಿಸಿ ಬರುವಾಗ ಸುಬ್ಬಕೃಷ್ಣನ ಕಾಲು ನೆಲದ ಮೇಲಿರಲಿಲ್ಲ. ಬೆಂಗಳೂರು! ತುಂಬಿದ ಸಭೆ! ಮೆಟ್ಟಿಲನ್ನು ಎರಡೆರಡು ಹಾರಿ ಬಂದ.

"ಗೆದ್ದೆ ಕಣೇ! ಕೇಳಿಸ್ತಾ?"

"ಕೇಳಿಸ್ತು."

ಇನ್ನೇನೋ ಮಾತಾಡಬೇಕಿತ್ತು. ಏನೆಂದು ತಿಳಿಯದೆ, "ನಿಂದು ಊಟ ಆಯ್ತಾ?" ಎಂದ.

"ಇಲ್ಲ."

ಸಂಜೆ ಆರಾಗಿತ್ತು. ಅವಳು ಆ ಅನ್ನವಿದ್ದ ಬಾಳೆಲೆಯ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊರಬಂದಳು. ಕುಂಡವನ್ನು ದಾಟಿದಳು. ಹೊಸ್ತಿಲನ್ನೂ ದಾಟಿ, ಬರಿಗಾಲಲ್ಲಿ ಬೀದಿಗಿಳಿದಳು.

ಸುಬ್ಬಕೃಷ್ಣ ಗಿಡದ ಮರೆಗೆ ಸರಿದ. ಎಲೆಯ ಸೀಳುಗಳಲ್ಲಿ ಅವಳು ತುಂಡುತುಂಡಾಗಿ ಕಂಡಳು: ಒಂದರಲ್ಲಿ ತುರುಬು, ಒಂದರಲ್ಲಿ ಹಿಮ್ಮಡಿ. ಗುತ್ಯಪ್ಪನ ಅಂಗಡಿಯ ಮುಂದೆ ಬೀಡಿ ಸೇದುತ್ತಿದ್ದವರು ಲೆಕ್ಚರರ ಹೆಂಡತಿಯನ್ನು ತಿರುಗಿ ನೋಡಿದರು. ಕರೆಯಬೇಕು, ಒಳಗೆ ಬಾ ಅನ್ನಬೇಕು ಎಂದುಕೊಂಡ. ಆದರೆ ಎದೆಯೊಳಗೆ ಆ ಹಾಳು ಖುಷಿ ಇನ್ನೂ ಕುಣಿಯುತ್ತಲೇ ಇತ್ತು. ಅದನ್ನು ಮೀರಿ ದನಿ ಹೊರಡಲಿಲ್ಲ.

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ದನವೂ ಇರಲಿಲ್ಲ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು.